ಭಟ್ಟಿಯಿಂದ ಬಿಡಿಸಿದ ಕತ್ತೆಗೆ ತಿಂಗಳ ನೆರವು

ಅಕ್ಕಲಕೋಟದವರೇ, ಇಟ್ಟಿಗೆಭಟ್ಟಿಯಿಂದ ಬಿಡಿಸಿದ ಕತ್ತೆಯ ಖರ್ಚು ವಹಿಸಿಕೊಳ್ಳುವ ಮುಂಚೆ ಆಶ್ರಯಧಾಮದಲ್ಲಿ ಏನು ವಿಚಾರಿಸಬೇಕು ಎಂದು ಕೇಳಿದ್ದೀರಿ. ಮೊದಲು ಗೊರಸಿನ ಬಗ್ಗೆ ಕೇಳಿ. 6ರಿಂದ 10 ವಾರಕ್ಕೊಮ್ಮೆ ಕತ್ತರಿಸದಿದ್ದರೆ ಗೊರಸು ಉದ್ದವಾಗಿ, ಕಾಲಿನ ಕೀಲಿಗೆ ಭಾರ ಬಿದ್ದು ಕತ್ತೆಗಳು ಕುಂಟುತ್ತವೆ. 150 ಕಿಲೋದ ಕತ್ತೆಗೆ ದಿನಕ್ಕೆ ಎರಡು-ಎರಡೂವರೆ ಕಿಲೋ ಒಣಮೇವು ಸಾಕು. ನೋಡಲು ಹೋದಾಗ ಪ್ರೀತಿಯಿಂದ ಬೆಲ್ಲ, ಭಕ್ಕರಿ (ಜೋಳದ ರೊಟ್ಟಿ) ತಿನ್ನಿಸಬೇಡಿ, ದಯವಿಟ್ಟು! ಸಕ್ಕರೆ, ಪಿಷ್ಟ ಹೆಚ್ಚಾದರೆ ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲೂ ಆಗುವುದಿಲ್ಲ.

ಒಂದೇ ಕತ್ತೆಗಿಂತ ಜೋಡಿಗೆ ಕೊಡುವುದು ಮೇಲು. ಜೊತೆಗಾರ ಅಗಲಿದರೆ ಮೇವು ಬಿಡುತ್ತವೆ. ಆಗ ರಕ್ತದಲ್ಲಿ ಕೊಬ್ಬು ಏರಿ ಜೀವಕ್ಕೇ ಅಪಾಯ. ಧನುರ್ವಾಯು ಲಸಿಕೆಯ ದಾಖಲೆಯನ್ನೂ ನೋಡಿ. ಹಣ ಬ್ಯಾಂಕ್ ಮೂಲಕವೇ ಕಳಿಸಿ, ರಸೀದಿ ಪಡೆಯಿರಿ.