ಛೆಟ್ರಿನ ಪಕ್ಕಕ್ಕಿಟ್ರೆ ಬಿಎಫ್‌ಸಿ ಇತಿಹಾಸದಲ್ಲಿ ಬೆಸ್ಟ್ ಪ್ಲೇಯರ್ ಯಾರು?

ಪ್ರಶ್ನೆ ಕೇಳಿದೋರು 2022ರಿಂದ ನಮ್ಮೂರಿನ ಫುಟ್ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ನೋಡ್ತಿದೀನಿ ಅಂತ ಬರೆದಿದಾರೆ, ಅವ್ರ ಫ್ರೆಂಡ್ಸ್ ಗ್ರೂಪಲ್ಲಿ ಅರ್ಧ ಜನ ಮಿಕು ಅಂತಾರಂತೆ, ಇನ್ನರ್ಧ ಗುರ್‌ಪ್ರೀತ್ ಅಂತಾರಂತೆ, ಕ್ಲಬ್ಬಿನ ಸ್ಟಾರ್ ಸ್ಟ್ರೈಕರ್ ಸುನಿಲ್ ಛೆಟ್ರಿ ಹೆಸರು ಮಾತ್ರ ಹೇಳಂಗಿಲ್ಲ ಅಂತ ರೂಲ್. ಒಳ್ಳೇ ರೂಲ್ ಅದು, ಇಲ್ಲಾಂದ್ರೆ ಚರ್ಚೆನೇ ಇರಲ್ಲ.

ನನ್ನ ಉತ್ತರ ದಿಮಾಸ್ ದೆಲ್ಗಾಡೊ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ನೀವು ನೋಡದೇ ಇರೋ ಸೀಸನ್‌ಗಳು ಜಾಸ್ತಿ ಇವೆ.

ಕ್ಲಬ್ ಹುಟ್ಟಿದ್ದು 2013ರಲ್ಲಿ, ಆಗ ಕಂಠೀರವ ಅಲ್ಲ, ಅಶೋಕನಗರದ ಫುಟ್ಬಾಲ್ ಸ್ಟೇಡಿಯಂ. ಮೊದಲ ಐ-ಲೀಗ್ (ಆಗ ದೇಶದ ಟಾಪ್ ಲೀಗ್ ಅದೇ) ಮ್ಯಾಚು ಮೋಹನ್ ಬಗಾನ್ ಮೇಲೆ, 1-1, ನಮ್ಮ ಗೋಲ್ ಶಾನ್ ರೂನಿದು. ಆ ಸೀಸನ್ನೇ ಆಶ್ಲಿ ವೆಸ್ಟ್‌ವುಡ್ ಕೋಚಿಂಗಲ್ಲಿ ಲೀಗ್ ಗೆದ್ಬಿಟ್ರು, ಮೊದಲ ಸೀಸನ್ನಲ್ಲೇ ಚಾಂಪಿಯನ್, ಅದನ್ನ ಈಗ ಹೇಳಿದ್ರೆ ಹೊಸಬರು ನಂಬಲ್ಲ. ಆ ಟೀಮಿನ ಬೆನ್ನೆಲುಬು ಜಾನ್ ಜಾನ್ಸನ್. ಇಂಗ್ಲೆಂಡಿಂದ ಬಂದ ಸೆಂಟರ್ ಬ್ಯಾಕ್, ಪಕ್ಕದಲ್ಲಿ ಕೀನ್ಯಾದ ಕರ್ಟಿಸ್ ಒಸಾನೊ. ಜಾನ್ಸನ್ 2018ರ ತನಕ ಇದ್ದ, ಎರಡು ಐ-ಲೀಗು, ಎರಡು ಫೆಡರೇಷನ್ ಕಪ್ಪು, ಏಷ್ಯಾ ಮ್ಯಾಚುಗಳು, ಕ್ಲಬ್ ಐಎಸ್ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೊದಲ ಸೀಸನ್ನು, ಎಲ್ಲದ್ರಲ್ಲೂ. 2015ರ ಮೇ 31ರಂದು ಕಂಠೀರವದಲ್ಲಿ ಬಗಾನ್ ಮೇಲೆ ಗೆದ್ರೆ ಕಪ್ ನಮ್ದು ಅನ್ನೋ ಮ್ಯಾಚಲ್ಲಿ ಗೋಲ್ ಹೊಡೆದು ಲೀಡ್ ಕೊಟ್ಟಿದ್ದೂ ಅವನೇ, ಆಮೇಲೆ 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೆಡರ್ ಹೊಡ್ದು ಕಪ್ಪನ್ನ ಕೋಲ್ಕತಾಗೆ ತಗೊಂಡು ಹೋದ. ಹಳೇ ವೆಸ್ಟ್ ಬ್ಲಾಕ್ (ಕ್ಲಬ್ಬಿನ ಕಟ್ಟಾ ಫ್ಯಾನ್ಸ್ ಕೂರೋ ಕಡೆ) ಜನಕ್ಕೆ ಆ ನೋವು ಇನ್ನೂ ಹೋಗಿಲ್ಲ. ಜಾನ್ಸನ್ ಹೆಸರು ಹೇಳಿದ್ರೆ ನಾನು ವಾದ ಮಾಡೋಕೇ ಹೋಗಲ್ಲ, ಎರಡನೇ ಸ್ಥಾನ ಕಣ್ಣು ಮುಚ್ಚಿ ಕೊಡ್ತೀನಿ.

ಅದೇ ಕಾಲದ ಇನ್ನೊಂದ್ ಹೆಸರು ಯೂಜಿನ್‌ಸನ್ ಲಿಂಗ್ಡೋ. ಶಿಲ್ಲಾಂಗ್ ಹುಡ್ಗ, 2015ರ ಎಐಎಫ್ಎಫ್ (ಭಾರತದ ಫುಟ್ಬಾಲ್ ಫೆಡರೇಷನ್) ಪ್ಲೇಯರ್ ಆಫ್ ದಿ ಇಯರ್. ಕಾರ್ನರ್ ಅಥವಾ ಫ್ರೀ ಕಿಕ್ ಸಿಕ್ಕಿ ಅವನು ಬಾಲ್ ಇಟ್ಟ ಅಂದ್ರೆ ಸ್ಟೇಡಿಯಂ ಎದ್ದು ನಿಲ್ತಿತ್ತು. ನಮ್ಮೂರಿನ ಶಂಕರ್ ಸಂಪಂಗಿರಾಜ್ ಕೂಡ ಆ ಟೀಮಲ್ಲೇ ಇದ್ದ, ಬೆಸ್ಟ್ ಅನ್ನೋ ಲಿಸ್ಟಿಗೆ ಬರದೇ ಇದ್ರೂ ಬೆಂಗಳೂರಿನ ಹುಡುಗ ಬೆಂಗಳೂರಿನ ಕ್ಲಬ್ಬಲ್ಲಿ ಮಿಡ್‌ಫೀಲ್ಡ್ ಆಡೋದು ನೋಡೋ ಖುಷಿನೇ ಬೇರೆ. ಈಗ ವಿನೀತ್ ವೆಂಕಟೇಶ್ ಬಾಲ್ ಮುಟ್ಟಿದಾಗ ನನಗೆ ಅದೇ ಖುಷಿ ಆಗತ್ತೆ.

ಸರಿ, ಮಿಕು. ನಿಮ್ ಫ್ರೆಂಡ್ಸ್ ಹೇಳೋದ್ರಲ್ಲಿ ಅರ್ಥ ಇದೆ. ವೆನಿಜುವೆಲಾದವನು, ಲಾ ಲೀಗಾ ಆಡಿ ಬಂದವನು, 2017-18ರಲ್ಲಿ ಐಎಸ್ಎಲ್‌ನಲ್ಲಿ 15 ಗೋಲ್, ಅದೇ ಸೀಸನ್ ಛೆಟ್ರಿದು 14. ಆ ಜೋಡಿ ಎದುರು ಡಿಫೆಂಡ್ ಮಾಡೋಕೆ ಯಾರಿಗೂ ಆಗ್ತಿರಲಿಲ್ಲ. 2018ರ ಸೂಪರ್ ಕಪ್ ಸೆಮಿಫೈನಲ್ ಭುವನೇಶ್ವರದಲ್ಲಿ, ಬಗಾನ್ ಮೇಲೆ ಒಂದು ಗೋಲ್ ಹಿಂದೆ, ನಿಶು ಕುಮಾರ್‌ಗೆ ರೆಡ್ ಕಾರ್ಡ್ ಬಿದ್ದು ಹತ್ತೇ ಜನ, ಅಲ್ಲಿಂದ ಮಿಕು ಹ್ಯಾಟ್ರಿಕ್ ಹೊಡ್ದು 4-2 ಮಾಡ್ದ. ಒಂದೇ ಮ್ಯಾಚಿನ ಬೆಸ್ಟ್ ಆಟ ಯಾವ್ದು ಅಂತ ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಪ್ರಶ್ನೆ ಇರೋದು ಬೆಸ್ಟ್ ಪ್ಲೇಯರ್ ಅಂತ, ಮಿಕು ಇದ್ದಿದ್ದು ಎರಡೇ ಸೀಸನ್, ಎರಡನೇದ್ರಲ್ಲಿ ಗಾಯ ಆಗಿ ಸುಮಾರು ಮ್ಯಾಚು ಹೊರಗಿದ್ದ, ಮತ್ತೆ ನೋಡಿ, ಅವನು ಇಲ್ದೇ ಇದ್ದಾಗಲೂ ಟೀಮ್ ಗೆಲ್ತಾನೇ ಇತ್ತು. ಅದು ಯಾಕೆ ಗೆಲ್ತಿತ್ತು ಅನ್ನೋದೇ ನನ್ನ ಪಾಯಿಂಟು.

ಗುರ್‌ಪ್ರೀತ್ ಬಗ್ಗೆ ಜಾಸ್ತಿ ಹೇಳೋದು ಬೇಡ, 2018-19 ಮತ್ತೆ 2019-20 ಎರಡೂ ಸಲ ಐಎಸ್ಎಲ್ ಬೆಸ್ಟ್ ಗೋಲ್‌ಕೀಪರ್‌ಗೆ ಕೊಡೋ ಗೋಲ್ಡನ್ ಗ್ಲೋವ್ ಅವನಿಗೇ, 2023ರ ಸೆಮಿಫೈನಲ್ಲಲ್ಲಿ ಮುಂಬೈ ಮೇಲೆ ಪೆನಾಲ್ಟಿ 9-8 ಆಗಿದ್ದು ನೀವೇ ನೋಡಿರ್ತೀರ. ನನ್ ಲೆಕ್ಕದಲ್ಲಿ ಮೂರನೇ ಸ್ಥಾನ.

ಈಗ ದಿಮಾಸ್. ಬಾರ್ಸಿಲೋನಾ ಅಕಾಡೆಮಿಲಿ ಬೆಳೆದ ಮಿಡ್‌ಫೀಲ್ಡರ್, 2017ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿದ್ದಾಗ ಆಸ್ಟ್ರೇಲಿಯಾದ ವೆಸ್ಟರ್ನ್ ಸಿಡ್ನಿ ವಾಂಡರರ್ಸ್‌ನಿಂದ ಬಂದ, ಆಗ್ಲೇ 34 ವಯಸ್ಸು. ಓಟ ಇಲ್ಲ, ಹೈಟ್ ಇಲ್ಲ, ಟ್ರಿಕ್ಸ್ ಅಂತೂ ಇಲ್ವೇ ಇಲ್ಲ. ಹೈಲೈಟ್ಸ್ ನೋಡಿದ್ರೆ ಅವನು ಕಾಣಲ್ಲ, ಅದಕ್ಕೇ ಹೊಸಬರ ಲಿಸ್ಟಲ್ಲಿ ಅವನ ಹೆಸರು ಬರಲ್ಲ ಅನ್ಸತ್ತೆ.

ಕಂಠೀರವದಲ್ಲಿ ಪಿಚ್ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರೋದ್ರಿಂದ ಸೀಟು ದೂರ ಆಗೋಗತ್ತೆ, ಅದಕ್ಕೆ ಎಲ್ರೂ ಬೈತಾರೆ, ನಿಜಾನೇ. ಆದ್ರೆ ಮೇಲಿನ ಸಾಲಲ್ಲಿ ಕೂತ್ರೆ ಒಂದು ಲಾಭ ಇದೆ, ಟೀವಿ ಕ್ಯಾಮೆರಾ ಬಾಲ್ ಹಿಂದೆನೇ ಓಡ್ತಾ ಇದ್ರೆ ನಮಗೆ ಇಡೀ ಟೀಮಿನ ಶೇಪ್ ಕಾಣತ್ತೆ. ಅಲ್ಲಿಂದ ದಿಮಾಸ್‌ನ ನೋಡ್ಬೇಕಿತ್ತು ನೀವು. ಬಾಲ್ ಇನ್ನೂ ಸೆಂಟರ್ ಬ್ಯಾಕ್ ಹುವಾನನ್ ಕಾಲಲ್ಲಿ ಇರ್ಬೇಕಾದ್ರೆ ಇವನು ಎರಡು ಸಲ ಭುಜದ ಹಿಂದೆ ತಿರುಗಿ ನೋಡಿರ್ತಿದ್ದ, ಒಂದ್ ಸಲ ಎಡಕ್ಕೆ, ಒಂದ್ ಸಲ ಬಲಕ್ಕೆ, ಆಮೇಲೆ ಎರಡೇ ಹೆಜ್ಜೆ ಹಿಂದಕ್ಕೆ ಬಂದು ಸೆಂಟರ್ ಬ್ಯಾಕ್‌ಗಳ ಮಧ್ಯೆ ನಿಲ್ತಿದ್ದ, ಎದುರು ಟೀಮಿನ ಸ್ಟ್ರೈಕರ್‌ಗೆ ಯಾರನ್ನ ಪ್ರೆಸ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಬಾಲ್ ಬಂದ ತಕ್ಷಣ ಬಲಗಡೆ ವಿಂಗರ್ ಉದಾಂತಾಗೆ ಉದ್ದದ ಡಯಾಗನಲ್ ಪಾಸ್, ಉದಾಂತಾ ಓಡೋಕೆ ಶುರು ಮಾಡಿದ ಮೇಲೆ ಅಲ್ಲ, ಓಡ್ತಾನೆ ಅಂತ ಗೊತ್ತಿದ್ದು ಮುಂಚೆನೇ. ಉದಾಂತಾ ಸ್ಪೀಡು ಅಂತ ಎಲ್ರೂ ಹೊಗಳ್ತಿದ್ರಲ್ಲ, ಆ ಸ್ಪೀಡಿಗೆ ಜಾಗ ಮಾಡಿ ಕೊಡ್ತಿದ್ದೋನು ಇವ್ನು.

ಎರಿಕ್ ಪಾರ್ಟಾಲು ಜೊತೆಗೆ ಇದ್ದಾಗ ಆ ಮಿಡ್‌ಫೀಲ್ಡು ಗೋಡೆ ಥರ ಇತ್ತು. ಪಾರ್ಟಾಲು ಎತ್ತರದ ಆಳು, ಗಾಳೀಲಿ ಬರೋ ಬಾಲೆಲ್ಲ ಅವನದು, ನೆಲದ ಮೇಲೆ ಬರೋದೆಲ್ಲ ದಿಮಾಸ್‌ದು. 2017-18ರಲ್ಲಿ 40 ಪಾಯಿಂಟ್ಸ್ ತಗೊಂಡು ಟೇಬಲ್ ಟಾಪ್ ಮಾಡಿದ್ರು. ಫೈನಲ್ ಮಾತ್ರ ಕೈ ಕೊಡ್ತು. 2018ರ ಮಾರ್ಚ್ 17, ನಮ್ಮ ಕಂಠೀರವದಲ್ಲೇ, ಛೆಟ್ರಿ 9ನೇ ನಿಮಿಷಕ್ಕೇ ಗೋಲ್ ಹೊಡ್ದಿದ್ರೂ ಚೆನ್ನೈಯಿನ್ 3-2. ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹೊಡೆದ, ಅಷ್ಟೇ ಕಥೆ.

ಮುಂದಿನ ಸೀಸನ್ ಕಾರ್ಲೆಸ್ ಕ್ವಾದ್ರಾತ್ ಕೋಚ್. ಮಧ್ಯದಲ್ಲಿ ಪಾರ್ಟಾಲು ಗಾಯ ಆಗಿ ಹೊರಗೆ ಹೋದ, ಆಗ ನಾವೆಲ್ಲ ಮುಗೀತು ಕಥೆ ಅಂದ್ಕೊಂಡ್ವಿ. ದಿಮಾಸ್‌ಗೆ ಆಗ 36. ಸೆಮಿಫೈನಲ್ ಮೊದಲ ಲೆಗ್ಗು ಗುವಾಹಟಿಲಿ ನಾರ್ತ್‌ಈಸ್ಟ್ ಮೇಲೆ 2-1 ಸೋಲು, ಅದೂ ಇಂಜುರಿ ಟೈಮ್ ಪೆನಾಲ್ಟಿಲಿ. ವಾಪಸ್ ಇಲ್ಲಿ ಬಂದಾಗ ಎಪ್ಪತ್ತು ನಿಮಿಷ ಆದ್ರೂ 0-0. 72ಕ್ಕೆ ಮಿಕು ಹೊಡೆದ, ಒಟ್ಟು 2-2, ಅವೇ ಗೋಲ್ (ಎದುರಾಳಿ ಊರಲ್ಲಿ ಹೊಡೆದ ಗೋಲ್) ಲೆಕ್ಕದಲ್ಲಿ ನಾವು ಮುಂದೆ, ಆದ್ರೆ ಅವ್ರು ಒಂದ್ ಗೋಲ್ ಹೊಡೆದ್ರೆ ಎಲ್ಲ ಉಲ್ಟಾ. 87ಕ್ಕೆ ದಿಮಾಸ್ ಗೋಲ್! ಉಸಿರು ಬಂತು. ಕೊನೇಲಿ ಛೆಟ್ರಿ ಮೂರನೇದು.

ಫೈನಲ್ ಮುಂಬೈಲಿ, ಎಫ್‌ಸಿ ಗೋವಾ ಮೇಲೆ. ತಾರೀಖು ನೋಡಿ, 2019ರ ಮಾರ್ಚ್ 17, ಹಿಂದಿನ ವರ್ಷ ಸೋತ ಅದೇ ದಿನ. ಗೋವಾ ಆ ಸೀಸನ್ ಅಟ್ಯಾಕಿಂಗಲ್ಲಿ ಬೆಂಕಿ, ಸ್ಟ್ರೈಕರ್ ಕೋರೊ ಇದ್ದ ಟೀಮು. 90 ನಿಮಿಷ 0-0, ಎಕ್ಸ್‌ಟ್ರಾ ಟೈಮಲ್ಲಿ ಗೋವಾದ ಅಹ್ಮದ್ ಜಾಹು ಎರಡನೇ ಯೆಲ್ಲೋ ತಗೊಂಡು ಹೊರಗೆ. 117ನೇ ನಿಮಿಷ, ಎಲ್ರ ಕಾಲೂ ಹೋಗಿದೆ, ಪೆನಾಲ್ಟಿಗೆ ಮನಸ್ಸು ಗಟ್ಟಿ ಮಾಡ್ಕೊಂಡಿದೀವಿ, ಆಗ ಒಂದು ಕಾರ್ನರ್. ತಗೊಂಡಿದ್ದು ದಿಮಾಸ್. ಅಷ್ಟು ಹೊತ್ತು ಆಡಿದ ಮೇಲೂ ಬಾಲು ಎಲ್ಲಿ ಬೀಳ್ಬೇಕೋ ಅಲ್ಲೇ ಬಿತ್ತು, ರಾಹುಲ್ ಭೇಕೆ ಹೆಡರು, 1-0, ಕಪ್ಪು. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಳ್ಕೊಂಡಿದ್ದನ್ನ ಈ ವರ್ಷ ಕಾರ್ನರ್‌ನಲ್ಲೇ ತಗೊಂಡ್ವಿ. ಎಲ್ರಿಗೂ ಭೇಕೆ ನೆನಪಿದಾನೆ, ಇರ್ಲೇಬೇಕು, ಆದ್ರೆ ಆ ಕಾರ್ನರ್ ಹೊಡೆದೋನ ಹೆಸರೂ ಜೊತೆಗೇ ಹೇಳಿ ಅಂತ ನಾನು ಯಾವಾಗ್ಲೂ ಜಗಳ ಮಾಡ್ತೀನಿ. ಕ್ಲಬ್ ಇಲ್ಲಿ ತನಕ ಗೆದ್ದಿರೋ ಒಂದೇ ಒಂದು ಐಎಸ್ಎಲ್ ಕಪ್ಪು ಅದು.

ಪಾರ್ಟಾಲುನೇ ಬೆಸ್ಟ್ ಅನ್ನೋರೂ ಇದಾರೆ, ಗಾಯ ಆಗೋಕ್ ಮುಂಚೆ ಅವನು ಆಡ್ತಿದ್ದ ಆಟ ನೋಡಿದ್ರೆ ತಪ್ಪು ಅನ್ನೋಕಾಗಲ್ಲ. ಆದ್ರೆ ಪಾರ್ಟಾಲು ಇಲ್ದೇ ದಿಮಾಸ್ ಕಪ್ ಗೆಲ್ಲಿಸಿದ. ದಿಮಾಸ್ ಇಲ್ದೇ ಆ ಟೀಮ್ ಆ ಥರ ಆಡಿದ್ದು ನಾನಂತೂ ನೋಡಿಲ್ಲ.

ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ ಒಂದಿದೆ. 2020-21 ಸೀಸನ್ ಕೋವಿಡ್‌ನಿಂದ ಪೂರ್ತಿ ಗೋವಾದಲ್ಲಿ, ಖಾಲಿ ಸ್ಟೇಡಿಯಂಗಳಲ್ಲಿ ನಡೀತು, ಟೀಮ್ ಕೂಡ ಏಳನೇ ಸ್ಥಾನಕ್ಕೆ ಬಿತ್ತು, 2021ರಲ್ಲಿ ದಿಮಾಸ್ ಮತ್ತೆ ಪಾರ್ಟಾಲು ಇಬ್ರೂ ಕ್ಲಬ್ ಬಿಟ್ರು. ನಾಲ್ಕು ವರ್ಷ ನಮ್ಗೋಸ್ಕರ ಆಡಿದವ್ರು, ಕಂಠೀರವದಲ್ಲಿ ಒಂದು ಕೊನೇ ಮ್ಯಾಚಿಲ್ಲ, ಒಂದು ಸುತ್ತು ಬಂದು ಕೈ ಬೀಸೋದಿಲ್ಲ, ನಾವು ಎದ್ದು ನಿಂತು ಚಪ್ಪಾಳೆ ಹೊಡೆಯೋದಿಲ್ಲ. ಐಎಸ್ಎಲ್ ವಾಪಸ್ ಬೆಂಗಳೂರಿಗೆ ಬಂದಿದ್ದು 2022ರ ಅಕ್ಟೋಬರಲ್ಲಿ, ಅಂದ್ರೆ ನೀವು ನೋಡೋಕೆ ಶುರು ಮಾಡಿದ ಟೈಮು, ಅಷ್ಟೊತ್ತಿಗೆ ಅವ್ರು ಯಾರೂ ಇರಲಿಲ್ಲ. ಹಂಗಾಗಿ ನಿಮ್ ಗ್ರೂಪಲ್ಲಿ ದಿಮಾಸ್ ಹೆಸರೇ ಬರ್ಲಿಲ್ಲ ಅಂದ್ರೆ ನಿಮ್ ತಪ್ಪೇನಿಲ್ಲ.

ಒಂದು ಕೆಲ್ಸ ಮಾಡಿ. 2019ರ ಫೈನಲ್ ಪೂರ್ತಿ ಮ್ಯಾಚು ಎಲ್ಲಾದ್ರೂ ಸಿಕ್ರೆ ಹಾಕ್ಕೊಳ್ಳಿ, ಹೈಲೈಟ್ಸ್ ಬೇಡ. ಗೋವಾ ಮಿಡ್‌ಫೀಲ್ಡಲ್ಲಿ ಬಾಲ್ ಇಟ್ಕೊಂಡಾಗೆಲ್ಲ ದಿಮಾಸ್ ಎಲ್ಲಿ ನಿಂತಿದಾನೆ ಅಂತ ಅಷ್ಟೇ ಹುಡುಕಿ, ಬಾಲ್ ಕಡೆ ನೋಡ್ಬೇಡಿ. ಅದಾದ್ಮೇಲೂ ಮಿಕುನೇ ಅನ್ಸಿದ್ರೆ ಕಾಮೆಂಟಲ್ಲಿ ಬನ್ನಿ, ಮಾತಾಡೋಣ, ಸೂಪರ್ ಕಪ್ ಸೆಮಿಫೈನಲ್ ಬಗ್ಗೆ ಹೇಳೋಕೆ ನನ್ ಹತ್ರ ಇನ್ನೂ ಸುಮಾರಿದೆ.