ಸಿಸೇರಿಯನ್ ಕಲೆ ಮುಚ್ಚಲು ಹೊಟ್ಟೆ ಮೇಲೆ ಎಂಥ ಟ್ಯಾಟೂ ಹಾಕಿಸಬಹುದು?

ಸಿಸೇರಿಯನ್ ಕಲೆ ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕೆ 10–15 ಸೆಂ.ಮೀ. ಇರುತ್ತದೆ. ಆ ಗೆರೆಯ ಮೇಲೇ ಬಳ್ಳಿಯ ಕಾಂಡ ಎಳೆಸೋಣ ಅಂತ ಬಹಳ ಜನಕ್ಕೆ ಅನಿಸುತ್ತದೆ. ಬೇಡ, ಕಣ್ಣು ನೇರ ಕಲೆಗೇ ಹೋಗುತ್ತದೆ. ಬಳ್ಳಿ ಕಲೆಯನ್ನು ಎರಡು-ಮೂರು ಕಡೆ ಓರೆಯಾಗಿ ದಾಟಿ ಸೊಂಟದ ಒಂದು ಬದಿಗೆ ಏರಲಿ. ಕಲೆ ಉಬ್ಬಿದ ಜಾಗಕ್ಕೆ ದಾಸವಾಳದಂಥ ಅಗಲ ಎಸಳಿನ ಹೂ ಬರಲಿ; ಎಸಳಿನ ಮಡಿಕೆಯ ನೆರಳಲ್ಲಿ ಉಬ್ಬು ಅಷ್ಟಾಗಿ ಕಾಣುವುದಿಲ್ಲ. ನವಿಲುಗರಿಯೂ ಚೆನ್ನ. ಮಂಡಲ (ವೃತ್ತಾಕಾರದ ರಂಗೋಲಿಯಂಥ ವಿನ್ಯಾಸ), ಅಕ್ಷರ ಬೇಡ, ಗೆರೆ ಒಂಚೂರು ಸೊಟ್ಟಗಾದರೂ ಎದ್ದು ಕಾಣುತ್ತದೆ. ಲ್ಯಾಪರೊಸ್ಕೋಪಿಯ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಪುಟ್ಟ ಕಲೆಗಳಿಗೆ ಬಿಡಿ ಹೂ, ಚಿಟ್ಟೆ ಸಾಕು.

ಆಪರೇಷನ್ ಆಗಿ ಕನಿಷ್ಠ ಒಂದು ವರ್ಷ ಕಾಯಿರಿ. ಕೆಂಪು, ತುರಿಕೆ ಹೋಗಿ ಕಲೆ ಮಾಸಿರಬೇಕು, ಮುಟ್ಟಿದರೆ ನೋಯಬಾರದು. ಗಾಯದ ಅಂಚು ಮೀರಿ ಬೆಳೆದ ಉಬ್ಬು ಕಲೆ, ಅಂದರೆ ಕೆಲಾಯ್ಡ್ ಇದ್ದರೆ ಟ್ಯಾಟೂ ಆಸೆ ಬಿಟ್ಟು ಚರ್ಮವೈದ್ಯರಿಗೆ ತೋರಿಸಿ. ಸೂಜಿ ಚುಚ್ಚಿದರೆ ಅದು ಇನ್ನಷ್ಟು ಬೆಳೆಯಬಹುದು. ಇನ್ನೊಂದು ಮಗುವಿನ ಯೋಚನೆ ಇದ್ದರೂ ಟ್ಯಾಟೂ ಸದ್ಯಕ್ಕೆ ಬೇಡ.

ಕಲೆಯ ಚರ್ಮ ಒಂದೆಡೆ ಗಟ್ಟಿ, ಇನ್ನೊಂದೆಡೆ ತೆಳು. ಹಾಗಾಗಿ ಇಂಕ್ ಕೆಲವೆಡೆ ನಿಲ್ಲುವುದೇ ಇಲ್ಲ, ಕೆಲವೆಡೆ ಹೀರುಕಾಗದದ ಮೇಲಿನ ಶಾಯಿಯಂತೆ ಹರಡುತ್ತದೆ. ಮೊದಲು ಕಲೆ ಮೇಲೆ ಒಂದೆರಡು ಚುಕ್ಕಿ ಹಾಕಿಸಿ ಆರೆಂಟು ವಾರ ನೋಡಿ. ಸ್ಟೆನ್ಸಿಲ್ (ಚುಚ್ಚುವ ಮೊದಲು ಚರ್ಮದ ಮೇಲೆ ಮೂಡಿಸುವ ಚಿತ್ರದ ಅಚ್ಚು) ನಿಂತುಕೊಂಡೇ ಅಂಟಿಸಿಕೊಳ್ಳಿ, ಮಲಗಿದಾಗ ಹೊಟ್ಟೆಯ ಆಕಾರವೇ ಬೇರೆ. ಟಚ್‌ಅಪ್‌ಗೆ ಇನ್ನೊಂದು ಸಿಟ್ಟಿಂಗ್ ಬಹುಪಾಲು ಬೇಕಾಗುತ್ತದೆ. ಆಮೇಲಿನ ಎರಡು-ಮೂರು ವಾರ ಲಂಗದ ಲಾಡಿ, ಜೀನ್ಸ್ ಪಟ್ಟಿ ಅಲ್ಲಿ ಉಜ್ಜದಿರಲಿ. ಹಕ್ಕಳೆ ಕಿತ್ತುಬಂದರೆ ಜೊತೆಗೆ ಬಣ್ಣವೂ ಹೋಗಬಹುದು.