ಏಳನೇ ತಿಂಗಳಲ್ಲಿ ಬಿಪಿ ಏರಿದೆ, ತವರಿಗೆ ಹೋಗಬಹುದೇ?

ಪ್ರಶ್ನೆ: ನನಗಿದು ಚೊಚ್ಚಲು, 31ನೇ ವಾರ. ಹೋದ ವಾರ ಬಿಪಿ 146/94 ಇತ್ತು, ನಾಲ್ಕು ತಾಸು ಬಿಟ್ಟು ನೋಡಿದರೂ ಇಳಿದಿರಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಲಾಬೆಟಲಾಲ್ 100 ಮಿ.ಗ್ರಾಂ. ದಿನಕ್ಕೆರಡು ಬರೆದುಕೊಟ್ಟಿದ್ದಾರೆ. ಮಾತ್ರೆ ಬೇಡ, ಸಪ್ಪೆ ಊಟ ಮಾಡು ಅನ್ನುತ್ತಾಳೆ ಅವ್ವ. ಕುಬುಸ ಮುಗಿಸಿ ವಿಜಯಪುರಕ್ಕೆ ಕರೆದೊಯ್ಯುವ ತಯಾರಿಯೂ ನಡೆದಿದೆ. ಹೋಗಲೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮಾತ್ರೆ ಬಿಡಬೇಡಿ. ಲಾಬೆಟಲಾಲ್ ಬಸುರಿಯರಿಗೆ ಬಹಳ ವರ್ಷಗಳಿಂದ ಕೊಡುತ್ತ ಬಂದಿರುವ ಔಷಧ. ಅಸ್ತಮಾ ಇದ್ದರೆ ಮಾತ್ರ ವೈದ್ಯರಿಗೆ ಈಗಲೇ ತಿಳಿಸಿ, ಬೇರೆ ಮಾತ್ರೆ ಕೊಡುತ್ತಾರೆ. ನಿಜವಾದ ಭಯ ಮನೆಯ ಹಿರಿಯರ ಬಿಪಿ ಮಾತ್ರೆಯದು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಹೊಟ್ಟೆಯೊಳಗಿನ ಮಗುವಿನ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಸಪ್ಪೆ ಊಟದಿಂದ ಈ ಬಿಪಿ ಇಳಿಯುವುದಿಲ್ಲ, ಎಂದಿನಷ್ಟು ಉಪ್ಪು ಇರಲಿ.

ತೋಳಿಗೆ ಪಟ್ಟಿ ಸುತ್ತುವ ಯಂತ್ರ ತಂದು ಬೆಳಿಗ್ಗೆ, ಸಂಜೆ ನೋಡಿ. ಮೂತ್ರಕ್ಕೆ ಹೋಗಿಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟದಲ್ಲಿರಲಿ, ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.

ಇವತ್ತು ಪ್ರೋಟೀನ್ ಇಲ್ಲವೆಂದರೆ ಮುಂದಿನ ವಾರವೂ ಇರುವುದಿಲ್ಲ ಎಂದಲ್ಲ. ಈ ಬಿಪಿ ಪ್ರೀಎಕ್ಲಾಂಪ್ಸಿಯಾಕ್ಕೆ, ಅಂದರೆ ಕಿಡ್ನಿ, ಲಿವರ್‌ಗೂ ಪೆಟ್ಟು ಕೊಟ್ಟು ಫಿಟ್ಸ್ ತರಿಸಬಲ್ಲ ಬಸುರಿನ ಕಾಯಿಲೆಗೆ ತಿರುಗಬಹುದು. ಮೂತ್ರ, ಪ್ಲೇಟ್‌ಲೆಟ್, ಲಿವರ್, ಕ್ರಿಯೇಟಿನಿನ್ ಪರೀಕ್ಷೆಗಳನ್ನು ವೈದ್ಯರು ಹೇಳಿದ ದಿನವೇ ಮಾಡಿಸಿ. ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಿಸಿ.

ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿ, 15 ನಿಮಿಷದ ನಂತರವೂ ಹಾಗೇ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಏದುಸಿರು, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಅಂಕಿಗೆ ಕಾಯಬೇಡಿ. ಬಲ ಪಕ್ಕೆಲುಬಿನ ಕೆಳಗಿನ ನೋವನ್ನು ಹೆಚ್ಚಿನವರು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿಬಿಡುತ್ತಾರೆ. ಅದು ಲಿವರ್ ಊದಿಕೊಂಡ ನೋವಾಗಿರಬಹುದು. ಆಂಬುಲೆನ್ಸ್‌ಗೆ 108.

ಪ್ರಯಾಣ ಈಗ ಬೇಡ ಎಂದೇ ನಮ್ಮ ಸಲಹೆ. ಸೊಲ್ಲಾಪುರದ ದಾರಿಯಲ್ಲಿ, ರಾತ್ರಿ ರೈಲಿನಲ್ಲಿ ಫಿಟ್ಸ್ ಬಂದರೆ ಅದನ್ನು ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುವವರು ಯಾರು? ಇಂಥ ಬಿಪಿಯಲ್ಲಿ ಸಾಮಾನ್ಯವಾಗಿ 37 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ, ಪರಿಸ್ಥಿತಿ ಬಿಗಡಾಯಿಸಿದರೆ ಇನ್ನೂ ಮೊದಲೇ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿ. ಕುಬುಸ ಡೊಂಬಿವಲಿಯಲ್ಲೇ ಆಗಲಿ, ಬಾಣಂತನಕ್ಕೆ ಅವ್ವನೇ ಬರಲಿ.

ಅವ್ವನಿಗೆ ಇದನ್ನೂ ಹೇಳಿಡಿ: ಹೆರಿಗೆಯ ನಂತರ ಮೂರರಿಂದ ಆರನೇ ದಿನದಲ್ಲಿ ಬಿಪಿ ಮತ್ತೆ ಏರುವುದುಂಟು. ಬಾಣಂತಿ ತಲೆನೋವು ಅಂದರೆ ಗಾಳಿ ಹೊಕ್ಕಿದೆ ಎಂದು ತಲೆಗೆ ಬಟ್ಟೆ ಕಟ್ಟಿ ಮಲಗಿಸದೆ, ಮೊದಲು ಬಿಪಿ ನೋಡಿ.